ಇಂಟರ್ವ್ಯೂ ತಯಾರಿ: ಯಾರ ಸಲಹೆ ತಗೋಬೇಕು, ಯಾವುದನ್ನು ಬಿಡಬೇಕು

"ತಂಡದಲ್ಲಿ ಯಾರ ಜೊತೆಗಾದರೂ ಅಭಿಪ್ರಾಯ ಕೂಡಿಬರದೆ ಹೋಗಿತ್ತಾ? ಆಗ ಏನು ಮಾಡಿದಿರಿ?" ಅಂತ ಕೇಳಿದೆ. ಎದುರಿಗೆ ಕೂತಿದ್ದ ಹುಡುಗ ಒಂದೂವರೆ ನಿಮಿಷ ಎಲ್ಲೂ ತಡವರಿಸದೆ ಮಾತಾಡಿದ. ಎಲ್ಲರ ಮಾತನ್ನೂ ಕೇಳಿಸಿಕೊಂಡೆ, ತಂಡದ ಗುರಿಯನ್ನು ನೆನಪಿಸಿದೆ, ಕೊನೆಗೆ ಇಬ್ಬರಿಗೂ ಒಪ್ಪಿಗೆಯಾಗುವ ದಾರಿ ಸಿಕ್ಕಿತು ಅಂದ. "ಜಗಳ ಯಾವುದರ ಬಗ್ಗೆ? ಅವರು ಮೊದಲು ಏನಂದಿದ್ದರು?" ಅಂತ ಮತ್ತೆ ಕೇಳಿದೆ, ಅಷ್ಟೇ. ಹುಡುಗ ಸುಮ್ಮನಾಗಿಬಿಟ್ಟ. ಮುಂದಿದ್ದ ನೀರಿನ ಲೋಟ ಎತ್ತಿಕೊಂಡು, ಕುಡಿಯದೆ ಹಾಗೇ ಕೆಳಗಿಟ್ಟ. ಅದೇ ವಾರ ಇನ್ನೊಬ್ಬರ ಬಾಯಲ್ಲೂ ಅವೇ ವಾಕ್ಯಗಳನ್ನು ಕೇಳಿದ್ದೆ.

ನನಗೆ ಬೇಜಾರಾಗಿದ್ದು ಆಮೇಲೆ. ಸಮಯ ಮುಗಿಯುತ್ತಾ ಬಂದಾಗ ಹಿಂದಿನ ಕೆಲಸದ ಮಾತು ಬಂತು. ಗೋದಾಮಿನ ಲೆಕ್ಕದಲ್ಲಿ ಪ್ರತಿ ತಿಂಗಳೂ ಒಂದೇ ಸಾಮಾನು ಕಡಿಮೆ ಬೀಳುತ್ತಿತ್ತಂತೆ. ಎಲ್ಲರೂ ಕಳ್ಳತನ ಅಂದುಕೊಂಡಿದ್ದರು. ಇವನು ಎರಡು ದಿನ ಮಾಲು ಇಳಿಸುವ ಕಡೆ ನಿಂತು ನೋಡಿದ. ಹತ್ತರ ಕಟ್ಟಿನಲ್ಲಿ ಬರುತ್ತಿದ್ದ ಮಾಲನ್ನು ಹಳೆಯ ಅಭ್ಯಾಸದಲ್ಲಿ ಡಜನ್ ಅಂತ ಬರೆದುಕೊಳ್ಳುತ್ತಿದ್ದರು! ಎಂಥ ಚೆಂದದ ಕಥೆ. ಆದರೆ ಅದನ್ನು ಪೂರ್ತಿ ಕೇಳುವಷ್ಟು ಹೊತ್ತು ಉಳಿದಿರಲಿಲ್ಲ. ಮುಕ್ಕಾಲು ಪಾಲು ಸಮಯ ಯಾರೋ ಬರೆದುಕೊಟ್ಟ ಉತ್ತರಗಳಿಗೆ ಹೋಗಿತ್ತು.

ಕೆಟ್ಟ ಸಲಹೆಯ ನಿಜವಾದ ನಷ್ಟ ಇದು. ನಿಮ್ಮ ಹತ್ತಿರ ಇರುವ ಒಳ್ಳೆಯದನ್ನು ಅದು ಮುಚ್ಚಿಹಾಕುತ್ತದೆ. ಅದನ್ನು ಕೊಟ್ಟವರು ಬಹಳ ಸಲ ನಿಮ್ಮ ಒಳ್ಳೆಯದನ್ನೇ ಬಯಸುವವರು, ಅದಕ್ಕೇ ಗುರುತಿಸುವುದು ಕಷ್ಟ. ಇಂಟರ್ವ್ಯೂ ಕೊಟ್ಟು, ಆಮೇಲೆ ತೆಗೆದುಕೊಂಡು, ಎರಡೂ ಕಡೆ ಕೂತ ಮೇಲೆ ನಾನು ಕಂಡುಕೊಂಡ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಕೈಯಲ್ಲಿ ಒಂದು ವಾರ ಇದ್ದರೆ ಆರಾಮಾಗಿ ಮಾಡಬಹುದು. ಮೂರೇ ದಿನ ಇದ್ದರೂ ಮೊದಲ ಎರಡು ಹೆಜ್ಜೆ ಬಿಡಬೇಡಿ.

ಹೆಜ್ಜೆ 1: ಯಾರನ್ನೂ ಕೇಳುವ ಮೊದಲು ಜೆಡಿ ಓದಿ

ಕೆಲಸದ ವಿವರಣೆ, ಅಂದರೆ ಎಲ್ಲರೂ ಜೆಡಿ ಅನ್ನುವ ಆ ಒಂದೆರಡು ಪುಟ, ನಿಮಗೆ ಸಿಗುವ ಸಲಹೆಗಳಲ್ಲೇ ಅತ್ಯಂತ ಒಳ್ಳೆಯದು. ಅದನ್ನು ಬರೆದವರು ನಿಮ್ಮನ್ನು ಆರಿಸುವವರೇ. ಆದರೂ ಅರ್ಜಿ ಹಾಕುವಾಗ ಒಮ್ಮೆ ಕಣ್ಣಾಡಿಸಿ ಮರೆತುಬಿಡುವವರೇ ಜಾಸ್ತಿ.

ಅದನ್ನು ಪ್ರಿಂಟ್ ತೆಗೆದುಕೊಳ್ಳಿ ಅಥವಾ ಕೈಯಲ್ಲೇ ಬರೆದುಕೊಳ್ಳಿ. ಏನು ಮಾಡಬೇಕು ಅಂತ ಹೇಳುವ ಮಾತುಗಳ ಕೆಳಗೆ ಗೆರೆ ಎಳೆಯಿರಿ: ವರದಿ ತಯಾರಿಸುವುದು, ಗ್ರಾಹಕರ ದೂರು ಬಗೆಹರಿಸುವುದು, ಹೊಸಬರಿಗೆ ಕಲಿಸುವುದು, ಹೀಗೆ. ಪ್ರತಿಯೊಂದರ ಪಕ್ಕದಲ್ಲಿ ನೀವು ಅದನ್ನು ಅಥವಾ ಅದಕ್ಕೆ ಹತ್ತಿರದ್ದನ್ನು ಮಾಡಿದ ಒಂದು ಸಂದರ್ಭ ಬರೆಯಿರಿ. ಏನೂ ಹೊಳೆಯದಿದ್ದರೆ ಖಾಲಿ ಬಿಡಿ. ನಿಮ್ಮ ತಯಾರಿ ಎಲ್ಲಿ ಬೇಕು ಅಂತ ಆ ಖಾಲಿ ಜಾಗಗಳೇ ಹೇಳುತ್ತವೆ.

ಆಮೇಲೆ ಎಚ್‌ಆರ್ ಅವರಿಗೆ ಒಂದು ಚಿಕ್ಕ ಮೇಲ್ ಹಾಕಿ. ಎಷ್ಟು ಸುತ್ತು ಇರುತ್ತದೆ? ಒಂದೊಂದು ಎಷ್ಟು ಹೊತ್ತು? ಯಾರು ಮಾತಾಡಿಸುತ್ತಾರೆ? ಪರೀಕ್ಷೆ ಏನಾದರೂ ಇದೆಯಾ? ಹೀಗೆ ಕೇಳಿದರೆ ಕೆಟ್ಟದಾಗಿ ಕಾಣುತ್ತದೆ ಅನ್ನುವವರಿದ್ದಾರೆ. ನಾನು ಆ ಕಡೆ ಕೂತಾಗ ಇಂಥ ಮೇಲ್ ನೋಡಿ ಒಮ್ಮೆಯೂ ಬೇಸರವಾಗಿಲ್ಲ, ಉತ್ತರ ಕೊಡಲು ಎರಡು ನಿಮಿಷ ಸಾಕು. ನಿಮಗೆ ಮಾತ್ರ ಇದರಿಂದ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಇರುವುದು ಕೋಡಿಂಗ್ ಪರೀಕ್ಷೆ ಅಂತ ಗೊತ್ತಾದ ಮೇಲೆ, ಕೈ ಹೇಗೆ ಕುಲುಕಬೇಕು ಅನ್ನುವ ವಿಡಿಯೊ ನೋಡುತ್ತಾ ಕೂರುವುದಿಲ್ಲ ಅಲ್ವಾ?

ಹೆಜ್ಜೆ 2: ಸಲಹೆಯ ಪಕ್ಕದಲ್ಲಿ ಅದರ ಮೂಲ ಬರೆಯಿರಿ

ಒಂದು ಹಾಳೆ ತಗೊಂಡು ನಡುವೆ ಗೆರೆ ಎಳೆಯಿರಿ. ಎಡಗಡೆ ಸಲಹೆ, ಬಲಗಡೆ ಅದು ಯಾರಿಂದ ಬಂತು. "ಎಲ್ಲೋ ಕೇಳಿದ್ದು" ಅಂತ ಬರೆಯಬೇಕಾದ ಸಾಲುಗಳೇ ಎಷ್ಟಿವೆ ಅಂತ ನೋಡಿದರೆ ನಿಮಗೇ ಆಶ್ಚರ್ಯವಾಗುತ್ತದೆ. ಅದು ಮುಗಿದ ಮೇಲೆ ಪ್ರತಿ ಸಾಲನ್ನೂ ನಾಲ್ಕು ಪ್ರಶ್ನೆಗಳ ಜರಡಿಗೆ ಹಾಕಿ.

ಇವರು ಇಂಥ ಕೆಲಸಕ್ಕೆ ಯಾವಾಗ ಇಂಟರ್ವ್ಯೂ ತೆಗೆದುಕೊಂಡಿದ್ದರು? ಕೊಟ್ಟವರಿಗಿಂತ ತೆಗೆದುಕೊಂಡವರ ಮಾತಿಗೆ ತೂಕ ಜಾಸ್ತಿ. ಅದೂ ಇತ್ತೀಚಿನದಾಗಿರಬೇಕು, ನಿಮ್ಮ ಕೆಲಸಕ್ಕೆ ಹತ್ತಿರದ್ದಾಗಿರಬೇಕು. ಮಾರಾಟದ ಕೆಲಸದಲ್ಲಿರುವವರು ಹೇಳಿದ "ಮಾತಲ್ಲಿ ಗೆದ್ದುಬಿಡು" ಅನ್ನುವುದು ಅವರಿಗೆ ಸರಿಯಾಗಿಯೇ ಇರಬಹುದು. ಲ್ಯಾಬ್‌ನಲ್ಲಿ ಕೆಲಸ ಮಾಡಲು ಹೊರಟವರಿಗೆ ಅದರಿಂದ ಏನು ಉಪಯೋಗ?

ಇದು ಒಬ್ಬರ ಅನುಭವ ಮಾತ್ರವಾ? ಇದು ನಾಲ್ಕರಲ್ಲಿ ಮುಖ್ಯವಾದ ಪ್ರಶ್ನೆ, ಸ್ವಲ್ಪ ನಿಂತು ಯೋಚಿಸಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಬ್ರಹಾಂ ವಾಲ್ಡ್ ಎಂಬ ಗಣಿತಜ್ಞರು ಅಮೆರಿಕದ ಸೇನೆಗಾಗಿ ಯುದ್ಧವಿಮಾನಗಳ ಮೇಲಿನ ಹಾನಿಯ ಲೆಕ್ಕ ನೋಡುತ್ತಿದ್ದರು. ಅವರ ಮುಂದಿದ್ದ ಅಂಕಿಗಳೆಲ್ಲ ಗುಂಡೇಟು ತಿಂದೂ ವಾಪಸ್ ಬಂದ ವಿಮಾನಗಳವು. ಏಟು ಜಾಸ್ತಿ ಬಿದ್ದ ಕಡೆಯೇ ರಕ್ಷಣೆ ಬೇಕು ಅಂತ ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದರೆ ಅಲ್ಲಿ ಏಟು ಬಿದ್ದೂ ಅವು ಬಂದಿವೆ. ಬಂದ ವಿಮಾನಗಳಲ್ಲಿ ಏಟೇ ಕಾಣದ ಜಾಗಕ್ಕೆ ಗುಂಡು ಬಿದ್ದ ವಿಮಾನಗಳು ಬರಲೇ ಇಲ್ಲ. ಕೆಲಸ ಸಿಕ್ಕವರು "ನಾನು ಹೀಗೆ ಮಾಡಿದೆ" ಅಂದಾಗ ನನಗೆ ಇದು ನೆನಪಾಗುತ್ತದೆ. ಹಾಗೇ ಮಾಡಿಯೂ ಕೆಲಸ ಸಿಗದವರನ್ನು ಯಾರೂ ಕರೆದು ಕೇಳುವುದಿಲ್ಲ.

ಇನ್ನೂ ಒಂದಿದೆ. ಆಯ್ಕೆಯಾದವರಿಗೇ ತಾವು ಯಾಕೆ ಆಯ್ಕೆಯಾದೆವು ಅಂತ ಗೊತ್ತಿರುವುದಿಲ್ಲ. ನಾವು ಒಬ್ಬರನ್ನು ಆರಿಸಿದ್ದು, ಕೊಟ್ಟ ಲೆಕ್ಕದಲ್ಲಿ ತಾನೇ ಮಾಡಿದ ತಪ್ಪನ್ನು ಅವರೇ ಹಿಡಿದು ತಿದ್ದಿದ್ದಕ್ಕೆ. ಮೂವರ ಟಿಪ್ಪಣಿಯಲ್ಲೂ ಅದೇ ಇತ್ತು. ಕೆಲವು ತಿಂಗಳ ನಂತರ ಅವರು ಹೊಸಬರಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: "ಒಂದು ತಪ್ಪಾಯ್ತು, ಆದರೆ ಉಳಿದದ್ದರಲ್ಲಿ ತುಂಬಾ ಕಾನ್ಫಿಡೆಂಟ್ ಆಗಿ ಮಾತಾಡಿದೆ, ಅದಕ್ಕೇ ತಗೊಂಡ್ರು." ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ಕಂಡದ್ದು ಅಷ್ಟೇ.

ಉಳಿದ ಎರಡು ಪ್ರಶ್ನೆ ಸುಲಭ. ಈ ಸಲಹೆಯಿಂದ ಹೇಳಿದವರಿಗೆ ಏನು ಲಾಭ? ಕೋರ್ಸ್ ಮಾರುವವರು ಹೇಳಿದ್ದೆಲ್ಲ ತಪ್ಪು ಅಂತಲ್ಲ. ಆದರೆ "ಇದನ್ನು ಕಲಿಯದಿದ್ದರೆ ಕೆಲಸ ಸಿಗಲ್ಲ" ಎಂಬ ಹೆದರಿಕೆಯಿಂದ ಅವರ ವ್ಯಾಪಾರ ನಡೆಯುತ್ತದೆ ಅನ್ನುವುದು ನೆನಪಿರಲಿ. ಕೊನೆಯದು, ಈ ಸಲಹೆ ತಪ್ಪಾದರೆ ನನಗೆ ಏನು ಹೋಗುತ್ತದೆ? ಹತ್ತು ನಿಮಿಷ ಮೊದಲೇ ಹೋಗಿ ಅನ್ನುವುದು ತಪ್ಪಾದರೂ ಹೋಗುವುದು ಹತ್ತು ನಿಮಿಷ. ಒಂದು ವರ್ಷದ ಅನುಭವವನ್ನು ಮೂರು ಅಂತ ಬರೆಯಿರಿ ಅನ್ನುವುದು ತಪ್ಪಾದರೆ ಹೋಗುವುದು ಹೆಸರು.

ಹೆಜ್ಜೆ 3: "ಸಂಶೋಧನೆ ಹೇಳುತ್ತದೆ" ಅಂದರೆ, ಯಾವ ಸಂಶೋಧನೆ ಅಂತ ಕೇಳಿ

ಅಂಕಿ ಸೇರಿಸಿ ಹೇಳಿದ ಮಾತನ್ನು ನಾವು ಬೇಗ ನಂಬುತ್ತೇವೆ. ಬಹಳ ಓಡಾಡುವ ಎರಡನ್ನು ನೋಡೋಣ.

ನಿಮ್ಮ ಮಾತಿನ ಪ್ರಭಾವದಲ್ಲಿ ಪದಗಳ ಪಾಲು ಬರೀ ಶೇ. 7, ದನಿ ಶೇ. 38, ಮುಖಭಾವ ಮತ್ತು ದೇಹಭಾಷೆ ಶೇ. 55. ಇದನ್ನು ಕೇಳಿರುತ್ತೀರಿ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದ ಅಂಕಿಗಳಿವು. ಅಲ್ಲಿ ಕೇಳಿಸಿದ್ದು ಬಿಡಿಬಿಡಿ ಪದಗಳನ್ನು, ತೋರಿಸಿದ್ದು ಮುಖದ ಫೋಟೊಗಳನ್ನು. ನೋಡಿದ್ದು ಇಷ್ಟ ಅಥವಾ ಇಷ್ಟವಿಲ್ಲ ಎಂಬ ಭಾವನೆ ಹೇಗೆ ದಾಟುತ್ತದೆ ಅನ್ನುವುದನ್ನು. ಎಲ್ಲ ಮಾತಿಗೂ ಈ ಲೆಕ್ಕ ಹಾಕಬೇಡಿ ಅಂತ ಸ್ವತಃ ಮೆಹ್ರಾಬಿಯನ್ ಅವರೇ ಹೇಳಿದ್ದಾರೆ. ಯೋಚಿಸಿ ನೋಡಿ: ಪದಗಳ ಬೆಲೆ ಶೇ. 7 ಆಗಿದ್ದರೆ, ಗೊತ್ತಿಲ್ಲದ ಭಾಷೆಯಲ್ಲಿ ಯಾರಾದರೂ ಇಂಟರ್ವ್ಯೂ ಕೊಟ್ಟರೂ ನಮಗೆ ಹೆಚ್ಚುಕಡಿಮೆ ಎಲ್ಲ ಅರ್ಥವಾಗಬೇಕಿತ್ತು.

ಎರಡನೆಯದು, ಒಳಗೆ ಹೋಗುವ ಮೊದಲು ಎರಡು ನಿಮಿಷ ಸೊಂಟದ ಮೇಲೆ ಕೈಯಿಟ್ಟು ಎದೆ ಸೆಟೆಸಿ ನಿಂತರೆ ಹಾರ್ಮೋನುಗಳೇ ಬದಲಾಗಿ ಧೈರ್ಯ ಬರುತ್ತದೆ ಅನ್ನುವುದು. ಇದು 2010ರ ಒಂದು ಅಧ್ಯಯನದಿಂದ ಬಂತು. ಅದರಲ್ಲಿ ಇದ್ದವರು 42 ಜನ. 2015ರಲ್ಲಿ ಬೇರೆ ತಂಡ 200 ಜನರ ಮೇಲೆ ಮತ್ತೆ ಮಾಡಿ ನೋಡಿದಾಗ ಹಾರ್ಮೋನಿನ ಬದಲಾವಣೆ ಕಾಣಲಿಲ್ಲ. ಮೊದಲ ಅಧ್ಯಯನದ ಲೇಖಕರಲ್ಲಿ ಒಬ್ಬರಾದ ಡಾನಾ ಕಾರ್ನಿ, ಈ ಪರಿಣಾಮ ನಿಜ ಅಂತ ನಾನು ಈಗ ನಂಬುವುದಿಲ್ಲ ಅಂತ 2016ರಲ್ಲಿ ಬಹಿರಂಗವಾಗಿ ಬರೆದರು. ತಮ್ಮದೇ ಕೆಲಸದ ಬಗ್ಗೆ ಹಾಗೆ ಹೇಳಲು ಎಷ್ಟು ದಿಟ್ಟತನ ಬೇಕು! ಹಾಗೆ ನಿಂತರೆ ನಿಮಗೆ ಹಿತ ಅನ್ನಿಸುತ್ತದಾ, ನಿಲ್ಲಿ. ಆದರೆ ಅದನ್ನು ತಯಾರಿ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ.

ಹಾಗಾದರೆ ಗಟ್ಟಿಯಾಗಿ ನಿಂತಿರುವುದು ಏನು? ಎಲ್ಲ ಅಭ್ಯರ್ಥಿಗಳಿಗೂ ಅವೇ ಪ್ರಶ್ನೆ ಕೇಳಿ, ಮೊದಲೇ ಗೊತ್ತು ಮಾಡಿಕೊಂಡ ಅಳತೆಯಲ್ಲಿ ಅಂಕ ಕೊಡುವ ಇಂಟರ್ವ್ಯೂ, ಮನಸ್ಸಿಗೆ ಬಂದದ್ದನ್ನು ಕೇಳುವ ಇಂಟರ್ವ್ಯೂಗಿಂತ ಒಳ್ಳೆಯ ಕೆಲಸಗಾರರನ್ನು ಚೆನ್ನಾಗಿ ಗುರುತಿಸುತ್ತದೆ. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ದಶಕಗಳ ಅಧ್ಯಯನಗಳನ್ನು ಮತ್ತೆ ಲೆಕ್ಕ ಹಾಕಿದಾಗ, ಆಮೇಲಿನ ಕೆಲಸದ ಗುಣಮಟ್ಟದ ಜೊತೆ ಮೊದಲನೆಯದರ ನಂಟು 0.42, ಎರಡನೆಯದರದು 0.19 ಬಂತು (0 ಅಂದರೆ ನಂಟೇ ಇಲ್ಲ, 1 ಅಂದರೆ ಪೂರ್ತಿ ನಂಟು). ಗೂಗಲ್ ಕೂಡ ಒಂದು ಕಾಲದಲ್ಲಿ ಒಗಟಿನಂಥ ಪ್ರಶ್ನೆಗಳಿಗೆ ಹೆಸರಾಗಿತ್ತು. ಅವು ಪೂರ್ತಿ ಸಮಯ ವ್ಯರ್ಥ ಅಂತ 2013ರಲ್ಲಿ ಅಲ್ಲಿ ನೇಮಕಾತಿ ನೋಡಿಕೊಳ್ಳುತ್ತಿದ್ದ ಲಾಸ್ಲೋ ಬಾಕ್ ಹೇಳಿದರು. ನಿಮಗೆ ಇದರಿಂದ ತಿಳಿಯಬೇಕಾದ್ದು ಇಷ್ಟು: ಎದುರಿಗಿರುವವರ ಕೈಯಲ್ಲಿ ಅಂಕದ ಹಾಳೆ ಇರಬಹುದು, ಅದರಲ್ಲಿ ನಿಮ್ಮ ಕೈ ಎಲ್ಲಿತ್ತು ಅಂತ ಬರೆಯುವ ಜಾಗ ಇರುವುದಿಲ್ಲ. ನೀವು ಏನು ಮಾಡಿದಿರಿ ಅಂತ ಬರೆಯುವ ಜಾಗ ಇರುತ್ತದೆ.

ಹೆಜ್ಜೆ 4: ಬಾಯಿಪಾಠದ ಉತ್ತರ ತೆಗೆದು, ನಿಮ್ಮ ಕಥೆ ಹಾಕಿ

"ನಿಮ್ಮ ದೌರ್ಬಲ್ಯ ಏನು?" ಅಂದರೆ "ನಾನು ಜಾಸ್ತಿ ಕೆಲಸ ಮಾಡಿಬಿಡುತ್ತೇನೆ" ಅನ್ನಿ ಅಂತ ಹೇಳಿಕೊಡುವವರು ಇನ್ನೂ ಇದ್ದಾರೆ. ದಯವಿಟ್ಟು ಬೇಡ. ದೂರಿನ ವೇಷದಲ್ಲಿ ಹೊಗಳಿಕೊಳ್ಳುವವರ ಬಗ್ಗೆ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸರಣಿ ಇದೆ. ನೇರವಾಗಿ ಹೊಗಳಿಕೊಂಡವರಿಗಿಂತಲೂ ಇಂಥವರು ಕೇಳುವವರಿಗೆ ಕಡಿಮೆ ಇಷ್ಟವಾದರು, ಕಡಿಮೆ ಪ್ರಾಮಾಣಿಕರಾಗಿ ಕಂಡರು. ನಿಜವಾದ, ಆದರೆ ಈ ಕೆಲಸಕ್ಕೆ ಪ್ರಾಣಾಂತಿಕವಲ್ಲದ ಒಂದು ಕೊರತೆ ಹೇಳಿ. ಅದಕ್ಕೆ ಏನು ಮಾಡುತ್ತಿದ್ದೀರಿ ಅಂತಲೂ ಹೇಳಿ. "ದೊಡ್ಡ ಗುಂಪಿನ ಮುಂದೆ ಮಾತಾಡುವಾಗ ವಿಷಯ ತಪ್ಪುತ್ತದೆ. ಹಾಗಾಗಿ ಮೂರು ಸಾಲು ಬರೆದಿಟ್ಟುಕೊಂಡು ಹೋಗುತ್ತೇನೆ. ಹೋದ ತಿಂಗಳ ಸಭೆಯಲ್ಲಿ ಹಾಗೇ ಮಾಡಿದೆ." ಇಷ್ಟು ಸಾಕು.

"ಗೊತ್ತಿಲ್ಲ ಅನ್ನಲೇಬಾರದು" ಅನ್ನುವುದೂ ಹಾಗೇ. ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಎಳೆಯುವುದು ಆ ವಿಷಯ ಬಲ್ಲವರಿಗೆ ಎರಡೇ ವಾಕ್ಯದಲ್ಲಿ ತಿಳಿದುಹೋಗುತ್ತದೆ. "ಇದನ್ನು ನಾನು ಮಾಡಿಲ್ಲ. ಮಾಡಬೇಕಾಗಿ ಬಂದರೆ ಇಲ್ಲಿಂದ ಶುರು ಮಾಡುತ್ತೇನೆ" ಅಂದವರ ಮೇಲೆ ನನಗೆ ನಂಬಿಕೆ ಹೆಚ್ಚಾಗಿದೆ.

ಈಗ ಮುಖ್ಯ ಕೆಲಸ. ಹೆಜ್ಜೆ 1ರಲ್ಲಿ ಬರೆದ ಸಂದರ್ಭಗಳಿಂದ ಆರೇಳು ಆರಿಸಿಕೊಳ್ಳಿ. ಪ್ರತಿಯೊಂದಕ್ಕೂ ನಾಲ್ಕು ಸಾಲು: ಪರಿಸ್ಥಿತಿ ಏನಿತ್ತು, ನನ್ನ ಜವಾಬ್ದಾರಿ ಏನು, ನಾನು ಏನು ಮಾಡಿದೆ, ಕೊನೆಗೆ ಏನಾಯಿತು. ಇದಕ್ಕೆ ಸ್ಟಾರ್ ವಿಧಾನ ಅಂತ ಹೆಸರಿದೆ. ಇದು ಒಳ್ಳೆಯ ಸಲಹೆಯೇ. ಆದರೆ ಇದನ್ನೂ ಜನ ಕೆಡಿಸುತ್ತಾರೆ. ಪರಿಸ್ಥಿತಿಯನ್ನೇ ಎರಡು ನಿಮಿಷ ಹೇಳಿ, ತಾವು ಮಾಡಿದ್ದನ್ನು ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ. ಅದು ತಿರುಗಬೇಕು. "ನಾವು" ಅಂದ ಕಡೆಯೆಲ್ಲ ನಿಂತು, ಅದರಲ್ಲಿ ನನ್ನ ಕೈಯ ಕೆಲಸ ಯಾವುದು ಅಂತ ಕೇಳಿಕೊಳ್ಳಿ.

ಗೋದಾಮಿನ ಹುಡುಗನ ಕಥೆಯನ್ನೇ ನೋಡಿ. "ನನಗೆ ಸಮಸ್ಯೆ ಬಗೆಹರಿಸುವ ಕೌಶಲ ಚೆನ್ನಾಗಿದೆ" ಅಂದಿದ್ದರೆ ನಾನು ಏನನ್ನೂ ಬರೆದುಕೊಳ್ಳುತ್ತಿರಲಿಲ್ಲ. ಎರಡು ದಿನ ಮಾಲು ಇಳಿಸುವ ಕಡೆ ನಿಂತೆ ಅಂದ ತಕ್ಷಣ ಪೆನ್ನು ಕೈಗೆ ಬಂತು. ಅನುಮಾನ ಬಂದಾಗ ಎದ್ದು ಹೋಗಿ ನೋಡುವ ಮನುಷ್ಯ ಅಂತ ಅದೊಂದೇ ವಾಕ್ಯದಲ್ಲಿ ಗೊತ್ತಾಯಿತು.

ಕೆಲಸದ ಅನುಭವ ಇಲ್ಲದವರು ಕಾಲೇಜಿನ ಪ್ರಾಜೆಕ್ಟ್, ನಡೆಸಿಕೊಟ್ಟ ಕಾರ್ಯಕ್ರಮ, ಮನೆಪಾಠ ಹೇಳಿದ್ದು, ಯಾವುದನ್ನು ಬೇಕಾದರೂ ತಗೊಳ್ಳಿ. ವಿವರ ನಿಮ್ಮದಾಗಿದ್ದರೆ ಆಯಿತು.

ಕಥೆಗಳನ್ನು ಪದಕ್ಕೆ ಪದ ಉರು ಹೊಡೆಯಬೇಡಿ. ಹಾಳೆಯನ್ನು ಮಗುಚಿಟ್ಟು, ನೆನಪಿನಿಂದ ಗಟ್ಟಿಯಾಗಿ ಹೇಳಿ. ಆಮೇಲೆ ತಿರುಗಿಸಿ ಏನು ಬಿಟ್ಟಿರಿ ನೋಡಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳ ಮೇಲೆ ಇದನ್ನು ನೋಡಿದ್ದರು. ಐದು ನಿಮಿಷದ ನಂತರ ಕೇಳಿದಾಗ, ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಓದಿದ್ದನ್ನು ನೆನಪಿನಿಂದ ಹೊರತೆಗೆದು ಅಭ್ಯಾಸ ಮಾಡಿದ್ದವರು ಮುಂದೆ ಹೋದರು. ರಾತ್ರಿಯೆಲ್ಲ ಓದಿದ್ದು ಬೆಳಿಗ್ಗೆ ಬಾಯಿಗೆ ಬರುವುದಿಲ್ಲ ಯಾಕೆ ಅಂತ ಈಗ ತಿಳಿಯಿತಲ್ವಾ?

ಹೆಜ್ಜೆ 5: ಮಾಕ್ ಇಂಟರ್ವ್ಯೂ ಮಾಡಿ, ಆದರೆ ಕೇಳುವ ಪ್ರಶ್ನೆ ಬದಲಿಸಿ

ಗೆಳೆಯರನ್ನು ಕೂರಿಸಿಕೊಂಡು ಅಭ್ಯಾಸ ಮಾಡಿ, ಕೊನೆಗೆ "ಹೇಗಿತ್ತು?" ಅಂತ ಕೇಳುತ್ತೇವೆ. "ಸೂಪರ್" ಅನ್ನುತ್ತಾರೆ, ಇಲ್ಲವೇ "ಇನ್ನೂ ಸ್ವಲ್ಪ ಕಾನ್ಫಿಡೆಂಟ್ ಆಗಿರು" ಅನ್ನುತ್ತಾರೆ. ಎರಡರಿಂದಲೂ ಮಾಡುವುದಕ್ಕೆ ಏನೂ ಸಿಗುವುದಿಲ್ಲ. ಅದರ ಬದಲು ಮೂರು ಕೇಳಿ. ಯಾವ ಉತ್ತರ ಅರ್ಥವಾಗಲಿಲ್ಲ? ಎಲ್ಲಿ ನಿಮಗೆ ಬೇಸರ ಬಂತು? ಯಾವುದರ ಬಗ್ಗೆ ಇನ್ನೂ ಕೇಳಬೇಕು ಅನ್ನಿಸಿತು? ಮೂರನೆಯದಕ್ಕೆ ಬಂದ ಉತ್ತರವೇ ನಿಮ್ಮ ಗಟ್ಟಿ ಕಥೆ, ಅದನ್ನು ಮುಂದಕ್ಕೆ ತನ್ನಿ.

ಫೋನಿನಲ್ಲಿ ರೆಕಾರ್ಡ್ ಮಾಡಿ ಒಮ್ಮೆ ಕೇಳಿಸಿಕೊಳ್ಳಿ. ಹಿಂಸೆ ಆಗುತ್ತದೆ, ಆದರೂ ಕೇಳಿ. ಇನ್ನು ಎಐ ಚಾಟ್‌ಬಾಟ್‌ಗಳು. ಅವುಗಳಿಂದ ಪ್ರಶ್ನೆ ಕೇಳಿಸಿಕೊಳ್ಳಿ, ಉತ್ತರ ಬರೆಸಿಕೊಳ್ಳಬೇಡಿ. ನಿಮ್ಮ ಕಥೆ ಹೇಳಿ "ಇದರ ಮೇಲೆ ಐದು ಕಷ್ಟದ ಪ್ರಶ್ನೆ ಕೇಳು" ಅಂದರೆ ಒಳ್ಳೆಯ ಕಸರತ್ತು. ಉತ್ತರ ಬರೆಸಿಕೊಂಡರೆ ಮತ್ತೆ ಅದೇ ನೀರಿನ ಲೋಟದ ಕಥೆ.

ಹೆಜ್ಜೆ 6: ಸಂಬಳ, ಸುಳ್ಳು, ದುಡ್ಡು

"ಸಂಬಳದ ಸಂಖ್ಯೆಯನ್ನು ನೀವು ಮೊದಲು ಹೇಳಲೇಬಾರದು" ಅನ್ನುವವರು ಒಂದು ಕಡೆ, "ಮೊದಲು ಹೇಳಿದವರೇ ಗೆಲ್ಲುತ್ತಾರೆ" ಅನ್ನುವವರು ಇನ್ನೊಂದು ಕಡೆ. ಮೊದಲು ಬಂದ ಸಂಖ್ಯೆ ಕೊನೆಯ ಸಂಖ್ಯೆಯನ್ನು ತನ್ನ ಕಡೆ ಎಳೆಯುತ್ತದೆ ಅಂತ 2001ರಲ್ಲಿ ಗ್ಯಾಲಿನ್ಸ್ಕಿ ಮತ್ತು ಮುಸ್‌ವೈಲರ್ ಅವರ ಪ್ರಯೋಗಗಳು ತೋರಿಸಿದ್ದವು. ಆದರೆ ಕಡಿಮೆ ಸಂಖ್ಯೆ ಹೇಳಿದರೆ ಅದೂ ಎಳೆಯುತ್ತದೆ, ಕೆಳಕ್ಕೆ. ಹಾಗಾಗಿ ಈ ಕೆಲಸಕ್ಕೆ ಹೊರಗೆ ಎಷ್ಟು ಕೊಡುತ್ತಾರೆ ಅಂತ ಮೂರು ನಾಲ್ಕು ಕಡೆ ವಿಚಾರಿಸಿ ಗಟ್ಟಿಯಾಗಿ ಗೊತ್ತಿದ್ದರೆ ನೀವೇ ಹೇಳಿ. ಗೊತ್ತಿಲ್ಲದಿದ್ದರೆ "ಈ ಹುದ್ದೆಗೆ ಎಷ್ಟರಿಂದ ಎಷ್ಟರವರೆಗೆ ಇಟ್ಟಿದ್ದೀರಿ?" ಅಂತ ಕೇಳಿ.

ಅನುಭವ ಹೆಚ್ಚಿಸಿ ಬರೆಯಿರಿ, ಖಾಲಿ ಇದ್ದ ತಿಂಗಳುಗಳನ್ನು ಮುಚ್ಚಿಡಿ, ಆನ್‌ಲೈನ್ ಇಂಟರ್ವ್ಯೂನಲ್ಲಿ ಪಕ್ಕದಿಂದ ಯಾರಾದರೂ ಹೇಳಿಕೊಡಲಿ. ಇಂಥದ್ದನ್ನು "ಎಲ್ಲರೂ ಮಾಡ್ತಾರೆ ಬಿಡು" ಅಂತ ಹೇಳುವವರ ಜೊತೆ ವಾದ ಬೇಡ, ಸುಮ್ನೆ ಬಿಟ್ಟುಬಿಡಿ. ಸೇರಿದ ಮೇಲೂ ಹಿನ್ನೆಲೆ ಪರಿಶೀಲನೆ ನಡೆಯುತ್ತದೆ, ಆಗ ಸಿಕ್ಕಿಬಿದ್ದರೆ ಕೆಲಸವೇ ಹೋಗಬಹುದು. ನಡುವೆ ಬಿಡುವು ಇದ್ದರೆ ಎರಡು ವಾಕ್ಯದಲ್ಲಿ ನಿಜ ಹೇಳಿ ಮುಂದೆ ಹೋಗಿ.

ಇಂಟರ್ವ್ಯೂ ಕೊಡಿಸಲು, ಆಫರ್ ಲೆಟರ್ ಕೊಡಲು, ಸೀಟು ಕಾದಿರಿಸಲು ಅಂತ ದುಡ್ಡು ಕೇಳಿದರೆ ಅಲ್ಲಿಗೆ ಮಾತು ನಿಲ್ಲಿಸಿ. ವಾಪಸ್ ಕೊಡುವ ಠೇವಣಿ ಅಂದರೂ ಅಷ್ಟೇ. ಕಂಪನಿಯ ಸ್ವಂತ ವೆಬ್‌ಸೈಟ್‌ನಲ್ಲಿರುವ ಸಂಖ್ಯೆಗೆ ನೀವೇ ಕರೆ ಮಾಡಿ ವಿಚಾರಿಸಿ.

ಹೆಜ್ಜೆ 7: ಕೊನೆಯ ಎರಡು ದಿನ ಕಿವಿ ಮುಚ್ಚಿಕೊಳ್ಳಿ

ಎರಡು ದಿನ ಇರುವಾಗ ಹೊಸ ಸಲಹೆ ತಗೊಳ್ಳುವುದನ್ನು ನಿಲ್ಲಿಸಿ. ಎಷ್ಟೇ ಒಳ್ಳೆಯದಿದ್ದರೂ ಅದನ್ನು ರೂಢಿ ಮಾಡಿಕೊಳ್ಳುವಷ್ಟು ಹೊತ್ತು ಈಗ ಇಲ್ಲ. ಕೇಳಿದವರಿಗೆ "ತಯಾರಿ ಆಗಿದೆ, ಮುಗಿದ ಮೇಲೆ ಮಾತಾಡ್ತೀನಿ" ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಎದೆ ಡವಡವ ಅನ್ನುವಾಗ "ಶಾಂತವಾಗಿರು" ಅನ್ನುವುದು ಹೇಳುವುದಕ್ಕೆ ಸುಲಭ, ಮಾಡುವುದು ಕಷ್ಟ. 2014ರಲ್ಲಿ ಆಲಿಸನ್ ವುಡ್ ಬ್ರೂಕ್ಸ್ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕ್ಕೆ ಮೊದಲು "ನಾನು ಶಾಂತವಾಗಿದ್ದೇನೆ" ಅಂದುಕೊಂಡವರಿಗಿಂತ "ನನಗೆ ಉತ್ಸಾಹವಾಗಿದೆ" ಅಂದುಕೊಂಡವರು ಚೆನ್ನಾಗಿ ಮಾತಾಡಿದರು. ಖರ್ಚಿಲ್ಲದ ಸಲಹೆ, ತಪ್ಪಾದರೂ ಏನೂ ಹೋಗುವುದಿಲ್ಲ. ಜರಡಿಯಲ್ಲಿ ಉಳಿಯುವಂಥದ್ದು.

ಹೆಜ್ಜೆ 8: ಹೊರಗೆ ಬಂದ ತಕ್ಷಣ ಬರೆಯಿರಿ

ಯಾರಿಗೂ ಫೋನ್ ಮಾಡುವ ಮೊದಲು ಎಲ್ಲಾದರೂ ಕೂತು, ಕೇಳಿದ ಪ್ರಶ್ನೆಗಳನ್ನೆಲ್ಲ ನೆನಪಿದ್ದಷ್ಟು ಬರೆಯಿರಿ. ಎಲ್ಲಿ ಅವರು ತಲೆಯೆತ್ತಿ ನೋಡಿದರು, ಎಲ್ಲಿ ಮತ್ತೆ ಕೇಳಿದರು, ಎಲ್ಲಿ ನೀವು ತಡವರಿಸಿದಿರಿ. ಮನೆಗೆ ಬಂದ ಮೇಲೆ ಹೆಜ್ಜೆ 2ರ ಹಾಳೆ ತೆಗೆದು, ಯಾವ ಸಲಹೆ ಉಪಯೋಗಕ್ಕೆ ಬಂತೋ ಅದರ ಮುಂದೆ ಗುರುತು ಹಾಕಿ, ಬಾರದ್ದನ್ನು ಹೊಡೆದುಹಾಕಿ. ಕೆಲಸ ಸಿಗಲಿಲ್ಲ ಅಂತಾದರೆ ಒಂದು ಸಾಲಿನ ಮೇಲ್ ಹಾಕಿ: "ಮುಂದಿನ ಸಲಕ್ಕೆ ನಾನು ಯಾವುದನ್ನು ಸರಿ ಮಾಡಿಕೊಳ್ಳಬೇಕು ಅಂತ ಹೇಳಬಹುದಾ?" ಎಷ್ಟೋ ಸಲ ಉತ್ತರ ಬರುವುದಿಲ್ಲ. ಬಂದರೆ ಅದನ್ನು ಹಾಳೆಯ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಬರೆದುಕೊಳ್ಳಿ.